ಕೆಂಪು ನೋಡುವ ಡಾಕ್ಟರು

“ನಾಲಗಿ ತಗೀರಿ” ಎಂದದ್ದೇ ತಡ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಹಾಲೇಶಪ್ಪ ಎಲೆಯಡಿಕೆ ಮೆದ್ದ ತನ್ನ ನಾಲಗೆಯನ್ನೇ ಚಾಚಿದ. “ನಿಮ್ದಲ್ರೀ ಯಜಮಾನ್ರ, ಮೊಮ್ಮಗಳದು!” ಎಂದರು ರಾಣೆಬೆನ್ನೂರಿನ ಮಕ್ಕಳ ಡಾಕ್ಟರು ನಾಸೀರ ಸಾಹೇಬರು. ಮೈ ಕೆಂಪಾದ ಮಗು ಬಂತೆಂದರೆ ಸಾಹೇಬರು ಹಾಡು ಗುನುಗುತ್ತ, ಕಿಟಕಿಯ ಬಿಸಿಲಿಗೆ ತಿರುಗಿಸಿ ತಿರುಗಿಸಿ, ಮಾರ್ಕೆಟ್ಟಿನಲ್ಲಿ ಹಾಲೇಶಪ್ಪ ಕಾಯಿ ನೋಡುವಂತೆಯೇ ಕೆಂಪಿಗೆ ಕೆಂಪು ತಾಳೆ ಹಾಕುವರು. “ದಡಾರ ಆಗಿದ್ರ ಕಣ್ಣಾಗ ನೀರು, ಮೂಗಾಗ ಸಿಂಬಳ, ಮ್ಯಾಲ ಕೆಮ್ಮು. ಇಕಿ ಕಣ್ಣು ಕೆಂಪು ಖರೇ, ಆದ್ರ ಒಣಗಣ್ಣು...” ಕೆಂಪೇರಿದ ನಾಲಗೆ, ಒಡೆದ ತುಟಿ, ಊದಿದ ಪಾದ ಕಂಡದ್ದೇ ಗುನುಗು ನಿಂತಿತು. ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಹಾವೇರಿಯ ಹೃದಯದ ಡಾಕ್ಟರಿಗೆ ಮಗುವನ್ನು ಈಗಲೇ ಕಳಿಸುವೆನೆಂದು ಫೋನು ಮಾಡಿ, ಹಾಲೇಶಪ್ಪನತ್ತ ತಿರುಗಿದರು. “ಇದು ಗುಂಡಿಗಿಗೆ ಕೈ ಹಾಕೋ ಜ್ವರ. ಲಗೂ ಸಿಕ್ಕೈತಿ, ಔಷಧ ಐತಿ.” “ಅಂಜೂದೇನಿಲ್ಲಲ್ರೀ, ಸಾಹೇಬ್ರ?” ಹಾಲೇಶಪ್ಪ ಕೇಳಿದ. “ಅಂಜೂದು ನನ್ನ ಕೆಲಸ. ನೀವು ಗಾಡಿ ತರ್ರಿ.”