ಪರದೆಯ ಮೇಲಿನ ಹಾಜರಿ

ಗುರುಶಿದ್ದಪ್ಪ ಸರ್ ನಿವೃತ್ತರಾದ ವರ್ಷವೇ ನಾನು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಇಂಟರ್‌ನೆಟ್ ಅಂಗಡಿ ಹಾಕಿದ್ದು. ಎರಡು ಸಾವಿರದ ಒಂದನೇ ಇಸವಿ. ಧಾರವಾಡದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಕಲಿಸಿದರು ಅಂದೆ, ನಾನು ಕಲಿತೆ ಅನ್ನಲಿಲ್ಲ, ನೆನಪಿರಲಿ.

ಹಾಜರಿ ಕರೆಯುವಾಗ ಅವರು ತಲೆ ಎತ್ತುತ್ತಿರಲಿಲ್ಲ. ನನ್ನ ಗೆಳೆಯ ಮೈಲಾರಿ ಸಾಲಿ ತಪ್ಪಿಸಿದ ದಿನ ನಾನೇ ದನಿ ಬದಲಿಸಿ "ಹಾಜರ್ರೀ ಸರ" ಅನ್ನುತ್ತಿದ್ದೆ. ಅವರು ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಸರ್‌ಗೇ ಟೋಪಿ ಹಾಕಿದೆ ಅಂತ ನನಗೆ ಭಾರಿ ಹೆಮ್ಮೆ.

ಅಂಥವರು ಒಂದು ಶನಿವಾರ ಕೈಚೀಲ ಹಿಡಿದು ಅಂಗಡಿಗೆ ಬಂದರು.

"ಮುಷರಫ, ಇದರಾಗ ಮಾಸ್ತರಗೋಳಿಗೆ ಬೇಕಾದ್ದು ಏನರ ಸಿಗತೈತೇನೋ?"

ಹುಡುಕಿಕೊಟ್ಟೆ. ಯಾವುದೋ ದೇಶದ ಶಿಕ್ಷಕರು ಹಾಕಿದ ಪಾಠ. ಪರದೆಯ ಮೇಲೆ ಹೃದಯದ ಚಿತ್ರ, ಅದರೊಳಗೆ ರಕ್ತ ಹರಿಯುತ್ತಿತ್ತು. ಸರ್ ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.

"ಅಬಬಬ! ಬಡಿಯಾಕತ್ತೈತಲ್ಲೋ! ನಾ ಜೀವಮಾನ ಪೂರ್ತಿ ಬೋರ್ಡ್ ಮ್ಯಾಲೆ ಬರದೆ, ಒಮ್ಮೆನೂ ಬಡೀಲಿಲ್ಲ." ಆಮೇಲೆ ಕೇಳಿದರು, "ಇದು ಕನ್ನಡದಾಗ ಐತೇನು?"

ಎಷ್ಟು ತಡಕಾಡಿದರೂ ನನಗೆ ಸಿಗಲಿಲ್ಲ.

"ಹಂಗಾರ ನಾವಽ ಹಾಕೂಣು. ಹಳ್ಳಿ ಸಾಲಿ ಮಾಸ್ತರಗೋಳಿಗೆ ಉಪಯೋಗ ಆಗತೈತಿ."

ಅಂದಿನಿಂದ ಪ್ರತಿ ಶನಿವಾರ ಧಾರವಾಡದ ಕೆಲಗೇರಿಯ ಮನೆಯಿಂದ ಬಸ್ಸು ಹಿಡಿದು ಬರತೊಡಗಿದರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಕನ್ನಡ ಟೈಪು ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಬರೀ ಚೌಕ ಕಾಣುತ್ತಿತ್ತು. ಕೊನೆಗೆ ಅವರು ದುಂಡಗೆ ಕೈಯಲ್ಲಿ ಬರೆದು ಚಿತ್ರ ಬಿಡಿಸಿ ತರುವುದು, ನಾನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಅವರಿಗೆಂದೇ ಮಾಡಿದ ಪುಟಕ್ಕೆ ಏರಿಸುವುದು ಅಂತಾಯಿತು. ಆ ಹಾಳು ಫೋನ್ ಲೈನಿನಲ್ಲಿ ಒಂದು ಕಪ್ಪೆಯ ಚಿತ್ರ ಏರುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು.

"ಸರ, ಧಾರವಾಡದಾಗ ಇಂಥಾ ಅಂಗಡಿ ಇಲ್ಲೇನ್ರಿ?" ಅಂತ ಒಮ್ಮೆ ರೇಗಿದೆ.

"ಅದಾವು. ಅಲ್ಲಿ ನನ್ನ ಜೋಡಿ ಜಗಳಾಡಾವ್ರು ಯಾರೂ ಇಲ್ಲಲ್ಲೋ."

ಮದುವೆಯಾಗದ ಮನುಷ್ಯ. ಸಾಲಿ ಬಿಟ್ಟ ಮೇಲೆ ಮನೆಯಲ್ಲಿ ಅವರ ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ನಾನು ಅವರಿಗೂ ಒಂದು ಚಹಾ ಹೇಳಿದೆ.

ಪುಟದ ಕೆಳಗೆ ಎಷ್ಟು ಜನ ನೋಡಿದರು ಅಂತ ತೋರಿಸುವ ಅಂಕಿ ಇತ್ತು. ಸರ್ ಅದಕ್ಕೆ ಹಾಜರಿ ಅಂತಲೇ ಕರೆದರು. ಬಂದ ಕೂಡಲೇ ಕನ್ನಡಕ ಒರೆಸಿ ಮೊದಲು ಅದನ್ನೇ ನೋಡುವುದು. ಮೊದಲ ತಿಂಗಳು ಅದು ನಾವಿಬ್ಬರು ತೆರೆದಷ್ಟೇ ಏರಿತ್ತು. "ಯಾರೂ ಬಂದಿಲ್ಲೇನೋ?" ಅಂದಾಗಿನ ಅವರ ಮುಖ ನನಗೆ ನೋಡಲಾಗಲಿಲ್ಲ.

ಮರುದಿನದಿಂದ ಬಾಗಿಲು ತೆಗೆದ ಕೂಡಲೇ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲೂ ಅವರ ಪುಟ ತೆರೆಯತೊಡಗಿದೆ. ಅಂಕಿ ಏರಿತು. ಸರ್ ಅರಳಿದರು. "ಯಾರೋ ಓದಾಕತ್ತಾರೋ ಮುಷರಫ!" ಅಂದು ಬೆನ್ನು ತಟ್ಟಿ, ನಿಂಬೆಹಣ್ಣಿನಿಂದ ಸಣ್ಣ ದೀಪ ಹೊತ್ತಿಸುವ ಪಾಠ ಬರೆದು ತಂದರು. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ತಂಗಿ ತಸ್ಲೀಮಾಳ ಲಗ್ನಕ್ಕೆ ಅಂತ ಅಂಗಡಿ ಮುಚ್ಚಿ ವಾರವಿಡೀ ಗದಗಿನಲ್ಲಿದ್ದೆ. ಗದ್ದಲದಲ್ಲಿ ಸರ್ ಪುಟ ನೆನಪೇ ಆಗಲಿಲ್ಲ. ತಿರುಗಿ ಬಂದು ಬಾಗಿಲು ತೆಗೆದರೆ ಸರ್ ಹಿಂದೆಯೇ ಬಂದು ಅಂಕಿ ನೋಡಿದರು. ಅದು ಹೋದ ಶನಿವಾರ ಇದ್ದಲ್ಲೇ ಇತ್ತು.

"ಊರಾಗ ಇದ್ದಿಲ್ಲೇನು?"

"ತಂಗಿ ಲಗ್ನ ಇತ್ರಿ ಸರ."

"ಹೌದಾ, ಛಲೋ ಆತು." ಕನ್ನಡಕ ತೆಗೆದರು. "ನೀ ಇಲ್ಲದ ವಾರ ಒಬ್ಬನೂ ಬಂದಿಲ್ಲ ನೋಡು."

ನಾನು ಕೀಲಿಮಣೆಯ ಧೂಳು ಒರೆಸತೊಡಗಿದೆ.

"ಮೈಲಾರಿ ಹಾಜರಿ ನೀ ಹೇಳೂದು ಅವತ್ತೂ ಗೊತ್ತಾಗತಿತ್ತೋ. ಗೆಳೆಯಾನ ಸಲುವಾಗಿ ಒಬ್ಬಾಂವ ಎದ್ದು ನಿಂತಾನ, ನಾ ಯಾಕ ಗೈರು ಹಾಕ್ಲಿ ಅಂತ ಬಿಡತಿದ್ದೆ. ಆದ್ರ ಇದು..." ಕೈಚೀಲ ಎತ್ತಿಕೊಂಡರು. "ಸಾಕು ಬಿಡು. ನಾಳಿಂದ ನನ್ನ ಪುಟ ತೆಗಿಬ್ಯಾಡ. ನಾನೂ ಬರೂದಿಲ್ಲ."

ಕೆಲಗೇರಿಯ ಆ ಒಂಟಿ ಮನೆ ಕಣ್ಣ ಮುಂದೆ ಬಂತು. ಬಾಗಿಲಿಗೆ ಅಡ್ಡ ನಿಂತು ರೇಗಿಯೇಬಿಟ್ಟೆ.

"ಏನ್ರಿ ಸರ, ನಾ ಮನಷ್ಯಾ ಅಲ್ಲೇನ್ರಿ? ಒಬ್ಬನಽ ಇದ್ರ ಪಾಠಾ ಹೇಳಬಾರದು ಅಂತ ಎಲ್ಲಿ ಐತ್ರಿ? ಕುಂದರ್ರಿ. ಆ ನಿಂಬಿಹಣ್ಣಿಂದು ನನಗ ಇವತ್ತಿಗೂ ತಿಳಿದಿಲ್ಲ."

ಅವರು ನನ್ನನ್ನೇ ದಿಟ್ಟಿಸಿದರು. ಹಿಂದೆ ಸರಿದು ನನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕುಳಿತರು. ನಾನು ಎದುರಿಗಿದ್ದ ಸ್ಟೂಲು ಎಳೆದುಕೊಂಡೆ. ಸರ್ ತಲೆ ತಗ್ಗಿಸಿದರು.

"ಮುಷರಫ."

"ಹಾಜರ್ರೀ ಸರ."

"ಮೈಲಾರಿ."

ಸುತ್ತ ಖಾಲಿ ಕುರ್ಚಿಗಳು. ನಾನು ದನಿ ಬದಲಿಸಿ ಹೇಳಿದೆ, "ಹಾಜರ್ರೀ ಸರ."

"ಮಾಲತೇಶ." "ಹುಲಗಪ್ಪ." "ಅಬ್ದುಲಮಜೀದ." ನಮ್ಮ ಇಡೀ ವರ್ಗದ ಹೆಸರು ಅವರಿಗೆ ಬಾಯಿಪಾಠವಿತ್ತು. ಒಬ್ಬೊಬ್ಬರಿಗೂ ನಾನೇ ಉತ್ತರ ಕೊಟ್ಟೆ. ಬರಬರುತ್ತ ಎಲ್ಲ ಹೆಸರಿಗೂ ಒಂದೇ ದನಿ ಬರತೊಡಗಿತು.

ಸರ್ ತಲೆ ಎತ್ತಲಿಲ್ಲ.

"ದನಿ ಬದಲ ಮಾಡೋ," ಅಂದರು. "ಗೊತ್ತಾಗಾಕತ್ತೈತಿ."