ನೀನು ಬಸುರಿಯಾಗಿರಲಿಲ್ಲ

ಶಿವಲೀಲಾ, ನೀನು ಬಸುರಿ ಎಂದು ನಿನ್ನ ಅಪ್ಪನಿಗೆ ಹೇಳಿದವಳು ನಾನು. ಅದು ಸುಳ್ಳೆಂದು ಸ್ವಲ್ಪ ದಿನದಲ್ಲೇ ನನಗೆ ತಿಳಿಯಿತು. ತಿಳಿದ ಮೇಲೂ ಬಾಯಿ ಬಿಡಲಿಲ್ಲ. ತಪ್ಪು ತಿಳಿದದ್ದಾದರೂ ಹೋಗಲಿ, ಆಮೇಲೆ ಸುಮ್ಮನಿದ್ದೆನಲ್ಲ — ಅದನ್ನು ಹೇಗೆ ಹೇಳಲಿ...

ತೊಂಬತ್ತರ ದಶಕ ಮುಗಿಯುತ್ತಿತ್ತು. ಕೊಟ್ಟೂರಿನ ಆ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಾನು ವಾರ್ಡನ್. ನೀನು ಹಂಪಸಾಗರದಿಂದ ಟೀಚರಾಗಲೆಂದು ಟಿಸಿಎಚ್ ಓದಲು ಬಂದವಳು, ಗೊಬ್ಬರದಂಗಡಿಯವರ ಮಗಳು. ಬಂದಾಗ ತೆಳ್ಳಗಿದ್ದೆ. ಎರಡನೇ ವರ್ಷಕ್ಕೆ ಹೊಟ್ಟೆ ಮುಂದೆ ಬಂತು. ಕೈಕಾಲು ಮಾತ್ರ ಹಾಗೇ ಸಣ್ಣಗಿದ್ದವು. ಕುತ್ತಿಗೆ ಕಪ್ಪಾಗಿತ್ತು. ಗದ್ದದ ಮೇಲೆ ಬರುತ್ತಿದ್ದ ಕೂದಲನ್ನು ನೀನು ವೇಲಿನಿಂದ ಮುಚ್ಚಿಕೊಳ್ಳುತ್ತಿದ್ದೆ — ಅದನ್ನೂ ನೋಡಿದ್ದೆ. ಆದರೆ ನನ್ನ ಕಣ್ಣು ಹೋದದ್ದು ಹೊಟ್ಟೆಯ ಮೇಲೆ. ನೀನು ಮುಟ್ಟಾಗಿ ಎಷ್ಟೋ ತಿಂಗಳಾಯಿತು ಎಂದು ಕೋಣೆಯ ಹುಡುಗಿಯರು ಬಂದು ಪಿಸುಗುಟ್ಟಿದರು.

ನಿನ್ನ ಟ್ರಂಕು ತೆಗೆಸಿದೆ. ಬಟ್ಟೆಯ ಅಡಿಯಲ್ಲಿ ಗುಳಿಗೆಗಳಿದ್ದವು. ಇನ್ನೊಂದು ಮಗು ಬೇಡವೆಂದು ನಾನೂ ಕೆಲವು ವರ್ಷ ಅವನ್ನೇ ನುಂಗಿದ್ದರಿಂದ ನೋಡಿದ ಕೂಡಲೇ ಗುರುತು ಸಿಕ್ಕಿತು. ಬಸುರಾದ ಮೇಲೆ ಹುಡುಗಿಗೆ ಬುದ್ಧಿ ಬಂದಿದೆ ಎಂದುಕೊಂಡೆ.

“ಮುಟ್ಟು ಸರಿಯಾಗಿ ಆಗವಲ್ದು ಅಂತ ದಾವಣಗೆರಿ ಡಾಕ್ಟರು ಕೊಟ್ಟಾರ್ರಿ, ಅಕ್ಕಾರ” ಅಂದೆ ನೀನು.

“ಇಂಥಾ ಗುಳಿಗಿ ಯಾತಕ್ಕ ತಗೋತಾರಂತ ನನಗ ಗೊತ್ತೈತಿ” ಅಂದೆ ನಾನು.

ದವಾಖಾನೆ ದೂರವೇನೂ ಇರಲಿಲ್ಲ. ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬಹುದಿತ್ತು. ಯಾರಾದರೂ ನೋಡಿದರೆ ಹಾಸ್ಟೆಲ್ಲಿನ ಹೆಸರು ಕೆಡುತ್ತದೆ ಎಂದು ಹೆದರಿದೆ. ನಿನ್ನ ಹೆಸರಿನ ಬಗ್ಗೆ ಆ ಹೆದರಿಕೆ ಬರಲಿಲ್ಲ. ಮರುದಿನ ನಿನ್ನ ಅಪ್ಪನನ್ನು ಕರೆಸಿ, ನಿನ್ನೆದುರಿಗೇ, “ಮಗಳನ್ನ ಕರ್ಕೊಂಡು ಹೋಗ್ರಿ. ಹೊಟ್ಟೀಲೆ ಅದಾಳ” ಎಂದುಬಿಟ್ಟೆ. ಅವರು ನಿನ್ನ ಮುಖ ನೋಡಲಿಲ್ಲ. ಟ್ರಂಕನ್ನು ತಾವೇ ಹೊತ್ತು ಮುಂದೆ ನಡೆದರು. ಗುಳಿಗೆಗಳು ನನ್ನ ಮೇಜಿನ ಮೇಲೇ ಉಳಿದವು. ಹಾಸ್ಟೆಲ್ಲು ನಡೆಸುತ್ತಿದ್ದ ಹಿರಿಯರು ನನ್ನನ್ನು ಹೊಗಳಿದರು — ಹೆಣ್ಣುಮಕ್ಕಳನ್ನು ಇಟ್ಟುಕೊಂಡ ಮೇಲೆ ಹೀಗಿರಬೇಕು ಎಂದು. ಹಿಗ್ಗಿದೆ ಕೂಡ.

ಮುಂದಿನದು ನಿನಗೆ ಗೊತ್ತಿತ್ತೋ ಇಲ್ಲವೋ. ನಿನ್ನ ಅವ್ವ ನನ್ನ ಹತ್ತಿರ ಬಂದಿದ್ದರು. ಉಜ್ಜಿನಿಯ ದೇವರಿಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ಒಬ್ಬರೇ. ಹಟ ಹಿಡಿದು ನಿನ್ನನ್ನು ಮತ್ತೆ ದಾವಣಗೆರೆಗೆ ಕರೆದೊಯ್ದಿದ್ದರಂತೆ. ಬಸುರಿಲ್ಲ, ಬರೀ ಕೊಬ್ಬು; ಮೈಯೊಳಗಿನ ಹಾರ್ಮೋನು ಹದ ತಪ್ಪಿದೆ, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಿವೆ ಎಂದರಂತೆ ಡಾಕ್ಟರು. ಅಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲವಂತೆ. ದಾವಣಗೆರೆಗೆ ಹೋದದ್ದೇ ತೆಗೆಸುವುದಕ್ಕೆ ಎಂದು ಊರು ಆಡಿಕೊಂಡಿತಂತೆ.

“ನೀವೊಂದು ಮಾತು ನಮ್ಮನಿಯವರಿಗೆ ಹೇಳ್ರಿ ಅಕ್ಕಾರ. ನಿಮ್ಮ ಮಾತು ನಂಬತಾರ.”

ನಾನು ನಿಜ ಹೇಳಿದರೆ — ಹಿರಿಯರೆದುರು ಏನೆಂದು ನಿಲ್ಲಲಿ? ಕೆಲಸ ಹೋದರೆ? ಇಷ್ಟೇ ನನ್ನ ಲೆಕ್ಕ. “ಆಗಿದ್ದು ಆಗೇತಿ, ಅಮ್ಮಾ. ಲಗೂನ ಮದುವಿ ಮಾಡ್ರಿ, ಎಲ್ಲಾ ಸರಿಹೋಗತೈತಿ” ಎಂದೆ. ಅವರು ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಹಲವು ವರ್ಷಗಳ ಮೇಲೆ ಕೂಡ್ಲಿಗಿಯ ನನ್ನ ತಂಗಿಯ ಮಗಳಿಗೂ ಹೀಗೇ ಆಯಿತು. ಅದೇ ಹೊಟ್ಟೆ, ಗದ್ದದ ಮೇಲೆ ಅದೇ ಕೂದಲು. ಹೊಸಪೇಟೆಯ ಡಾಕ್ಟರಮ್ಮ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಗಂಡಸಿನ ಹಾರ್ಮೋನು ಹೆಣ್ಣಿನ ಮೈಯಲ್ಲಿ ಹೆಚ್ಚಾದರೆ ಕೊಬ್ಬು ಸೊಂಟ ತೊಡೆ ಬಿಟ್ಟು ಹೊಟ್ಟೆಗೇ ಸೇರುವುದುಂಟು, ಹೊಟ್ಟೆಬಾಕತನ ಎಂದು ಹುಡುಗಿಯನ್ನು ಬೈಯಬೇಡಿ, ಮುಂದೆ ಸಕ್ಕರೆ ಕಾಯಿಲೆ ಬಾರದಂತೆ ನೋಡಿಕೊಳ್ಳಿ, ಔಷಧಿ ತಗೊಂಡರೆ ಮಕ್ಕಳೂ ಆಗುತ್ತವೆ — ಹೀಗೆ. ಕೊಟ್ಟ ಗುಳಿಗೆಗಳೂ ಅವೇ. ಓಣಿಯವರು ಏನಾದರೂ ಅಂದಾರೆಂದು ನಾನೇ ಮನೆಮನೆಗೆ ಹೋಗಿ ತಿಳಿಸಿ ಹೇಳಿದೆ. ಸ್ವಂತ ತಂಗಿಯ ಮಗಳಲ್ಲವೇ...

ಅಂದಿನಿಂದ ನೀನು ಏನಾದೆಯೆಂದು ಸಿಕ್ಕವರನ್ನು ಕೇಳುತ್ತಿದ್ದೆ; ನಿನ್ನ ಊರಿಗೆ ಬರಲು ಧೈರ್ಯ ಸಾಲಲಿಲ್ಲ. ಹಾಸ್ಟೆಲ್ಲಿನಲ್ಲಿ ನಿನ್ನ ಜೊತೆಗಿದ್ದವಳೊಬ್ಬಳು ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಎಲ್ಲ ಹೇಳಿದಳು. ಹರಪನಹಳ್ಳಿಯ ಎರಡನೇ ಸಂಬಂಧಕ್ಕೆ ನಿನ್ನನ್ನು ಕೊಟ್ಟರಂತೆ. ಮಕ್ಕಳಾಗಲಿಲ್ಲವಂತೆ. ಹಳೆಯ ಮಾತು ಅಲ್ಲಿಗೂ ಮುಟ್ಟಿ, ಮದುವೆಗೆ ಮುಂಚೆ ತೆಗೆಸಿ ಗರ್ಭ ಕೆಡಿಸಿಕೊಂಡವಳು ಎಂದು ಗಂಡನ ಮನೆಯವರು ತವರಿಗೆ ತಂದು ಬಿಟ್ಟರಂತೆ. ಈಗ ಸಕ್ಕರೆ ಕಾಯಿಲೆಯಂತೆ, ಕಣ್ಣು ಮಂಜಂತೆ.

ಹೋದ ವಾರ ಹಂಪಸಾಗರಕ್ಕೆ ಬಂದವಳು ನಾನೇ. ನೀನು ಒಳಗಿನ ಬಾಗಿಲ ಹಿಂದೆ ಇದ್ದೆ. ಬಳೆ ಸದ್ದು ಕೇಳಿಸಿತು. ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ, ನಿನ್ನ ಅವ್ವ ಬಂದು ಬೇಡಿಕೊಂಡದ್ದನ್ನೂ.

“ಮಗಳು ಬಸುರಿದ್ದಿಲ್ಲ ಅಂತ ಅಕಿ ಸಾಯೋತನಕ ಹೇಳಿದ್ಲು” ಎಂದರು ಅವರು. “ನಿಮ್ಮಂಥಾ ಓದಿದ ಹೆಣ್ಮಗಳು ಸುಳ್ಳು ಹೇಳತಾಳೇನು ಅಂತ ನಾನು ಅಕೀನ್ನ ಬೈದಿದ್ದೆ.”

ನೀನು ಹೊರಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಕ್ಷಮಿಸು ಎಂದು ಕೇಳಲು ಈ ಮಾತುಗಳನ್ನು ಬರೆಯುತ್ತಿಲ್ಲ. ನಾಳೆ ಹರಪನಹಳ್ಳಿಗೆ ಹೋಗುತ್ತೇನೆ. ನಿನ್ನ ಗಂಡನ ಮನೆಯವರು ಒಳಗೆ ಕರೆಯದಿದ್ದರೆ ಓಣಿಯಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳಿಸುವಂತೆ, ಹೇಳಿ ಬರುತ್ತೇನೆ. ಅದರಿಂದ ನಿನ್ನ ಕಣ್ಣು ತಿಳಿಯಾಗುವುದಿಲ್ಲ. ಗೊತ್ತು.