ಫ್ಲ್ಯಾಶ್ ಇಲ್ಲದ ಚಾವಡಿ

ಕಳೆದ ತಿಂಗಳು ಮೂಡುಬಿದಿರೆಯ ಒಂದು ಸಭಾಭವನಕ್ಕೆ ನೆಂಟರ ಮಗುವಿನ ನಾಮಕರಣಕ್ಕೆಂದು ಹೋಗಿದ್ದೆ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಗುವಿನ ಚಿಕ್ಕಪ್ಪನ ಕೈಯಲ್ಲಿದ್ದ ಕ್ಯಾಮೆರಾ ಆ ಮಬ್ಬಿನಲ್ಲಿ ಫೋಕಸ್ ಸಿಗದೆ 'ಜುಯ್... ಜುಯ್...' ಎಂದು ಹಿಂದೆ ಮುಂದೆ ತಡಕಾಡಿತು. ಆಮೇಲೆ 'ಟಕ್' ಎಂದು ಫ್ಲ್ಯಾಶಿನ ಮುಚ್ಚಳ ತಾನಾಗಿಯೇ ಎದ್ದು ನಿಂತಿತು. ಅಷ್ಟೇ ಸಾಕಾಯಿತು. ನಾನು, ಒಂದು ಮಗುವಿನ ತಾಯಿ, ಅಷ್ಟು ಜನರ ಎದುರು ಗಟ್ಟಿಯಾಗಿ ಕಣ್ಣು ಮುಚ್ಚಿ ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದವರು "ಎಂಥ ಆಯ್ತು ಮಾರಾಯ್ತಿ?" ಎಂದು ಭುಜ ಹಿಡಿದರು. "ಎಂಥ ಇಲ್ಲ, ಕಣ್ಣಿಗೆ ಹೊಗೆ" ಎಂದೆ. ಹೊಗೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಕಣ್ಣು ಮುಚ್ಚಿದ ಆ ಒಂದು ಗಳಿಗೆಯಲ್ಲಿ ನಾನು ಮಡಂತ್ಯಾರಿನ ನಮ್ಮ ಮನೆಯ ಚಾವಡಿಯಲ್ಲಿ, ಅಜ್ಜಿಯ ಮಂಚದ ಅಂಚಿನಲ್ಲಿ ಕೂತಿದ್ದೆ.

ಆ ಮನೆ ಬೆಳ್ತಂಗಡಿಗೆ ಹೋಗುವ ರಸ್ತೆಗೆ ತಾಗಿಕೊಂಡೇ ಇತ್ತು. ಎದುರಿನ ಕೋಣೆಗಳನ್ನು ಅಂಗಡಿಯವರಿಗೆ ಬಿಟ್ಟುಕೊಟ್ಟ ಮೇಲೆ ಚಾವಡಿಗೆ ಬೆಳಕು ಬರುವ ದಾರಿಯೇ ಮುಚ್ಚಿತ್ತು. ಮಟಮಟ ಮಧ್ಯಾಹ್ನವೂ ಅಲ್ಲಿ ಮುಸ್ಸಂಜೆ. ಗೋಡೆಯ ಆಚೆಯಿಂದ ಒಣಮೀನಿನ ವಾಸನೆ, ಈಚೆಗೆ ಅಜ್ಜಿಯ ಕಾಲಿಗೆ ಹಚ್ಚುವ ಎಣ್ಣೆಯ ವಾಸನೆ. ಬಾವಿಕಟ್ಟೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿ ಆಮೇಲೆ ಹೊಸ್ತಿಲು ದಾಟಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಮಂಚದ ಮೇಲಿಂದಲೇ ಇಡೀ ಮನೆ ಆಳುತ್ತಿದ್ದರು. ಅಮ್ಮ, ಅಮ್ಮನ ಅಣ್ಣನಾದ ನನ್ನ ಮಾವ, ನಾನು, ಮೂವರೂ ಅವರ ಪ್ರಜೆಗಳು. ಮೊದಲು ಚಾವಡಿಯಲ್ಲೊಂದು ಟ್ಯೂಬ್‌ಲೈಟ್ ಇತ್ತು. ಓಲ್ಟೇಜ್ ಇಳಿದಾಗ ಅದು ಮಿಣಮಿಣ ಎನ್ನುತ್ತದೆಂದು ಅಮ್ಮ ತೆಗೆಸಿ, ಹಳದಿ ಬಲ್ಬು ಹಾಕಿಸಿದರು. ಅದು ನನ್ನಿಂದಾಗಿ.

ಆರು ವರ್ಷದವಳಿದ್ದಾಗ ಶಾಲೆಗೆ ಕೊಡಬೇಕಾದ ಫೋಟೋಕ್ಕೆಂದು ಅಮ್ಮ ನನ್ನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋಗಿದ್ದರು. ಸ್ಟೂಲಿನ ಮೇಲೆ ಕೂತದ್ದು ನೆನಪಿದೆ, ಬೆಳಕು ಚಿಮ್ಮಿದ್ದು ನೆನಪಿದೆ. ಮುಂದಿನ ನೆನಪು ನೆಲದ ಮೇಲೆ: ಬಾಯಲ್ಲಿ ರಕ್ತದ ರುಚಿ, ಅಂಗೈಯಲ್ಲಿ ಯಾರೋ ತುರುಕಿದ ಕಬ್ಬಿಣದ ಬೀಗದ ಕೈ. ಫಿಟ್ಸ್ ಬಂದವರ ಕೈಯಲ್ಲಿ ಕಬ್ಬಿಣ ಇಟ್ಟರೆ ನಿಲ್ಲುತ್ತದೆಂದು ನಮ್ಮ ಕಡೆಯ ನಂಬಿಕೆ. ಮಂಗಳೂರಿನ ಡಾಕ್ಟರು ಮಾತ್ರೆ ಬರೆದು, ಬೆಳಕಿನಿಂದಲೇ ಬಂತೆಂದು ಹೇಳಲಾಗದು, ಆದರೂ ಮಿನುಗುವ ಬೆಳಕಿನಿಂದ ಸ್ವಲ್ಪ ದೂರ ಇಡಿ ಎಂದರು. ಆ 'ಸ್ವಲ್ಪ' ಎಂಬ ಮಾತು ಊರಿಗೆ ಬರುವಷ್ಟರಲ್ಲಿ ಬಸ್ಸಿನಲ್ಲೇ ಬಿದ್ದುಹೋಯಿತು. ನಮ್ಮ ಮನೆಯಲ್ಲಿ ಫ್ಲ್ಯಾಶ್ ಎಂದರೆ ಹಾವಿಗಿಂತ ಹೆಚ್ಚು ಹೆದರಿಕೆ.

ಮಾವನೋ, ಅದೇ ವರ್ಷ ಮಸ್ಕತ್‌ನ ಕೆಲಸ ಬಿಟ್ಟು ಬಂದವರು, ಒಂದು ಒಳ್ಳೆಯ ಕ್ಯಾಮೆರಾ ತಂದಿದ್ದರು. ಆ ಕ್ಯಾಮೆರಾಕ್ಕೊಂದು ಕೆಟ್ಟ ಬುದ್ಧಿ. ಬೆಳಕು ಕಮ್ಮಿ ಎಂದು ಕಂಡರೆ ಫೋಕಸ್ ಹುಡುಕುವುದಕ್ಕೇ ಫ್ಲ್ಯಾಶನ್ನು ಪಟಪಟನೆ ನಾಲ್ಕೈದು ಸಲ ಮಿನುಗಿಸುತ್ತಿತ್ತು. ಫೋಟೋ ಹೊಡೆಯುವುದು ಅದಾದ ಮೇಲೆ. ಮಾವ ಫ್ಲ್ಯಾಶಿನ ಮುಚ್ಚಳಕ್ಕೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ ಅದರ ಬಾಯಿ ಮುಚ್ಚಿಸಿದರು. ಆಗ ಲೆನ್ಸು 'ಜುಯ್ ಜುಯ್' ಎಂದು ಅತ್ತು, ಬಟನ್ ಒತ್ತಲಿಕ್ಕೇ ಬಿಡಲಿಲ್ಲ. ಫೋಕಸನ್ನು ಕೈಯಿಂದಲೇ ತಿರುಗಿಸುವ ಎಂದರೆ ಕಣ್ಣಿಡುವ ಕಿಂಡಿಯಲ್ಲಿ ಏನೂ ಕಾಣದು. "ಇದರಲ್ಲಿ ನೋಡಿದರೆ ನೀನೂ ಒಂದೇ, ಗೋಡೆಯೂ ಒಂದೇ ಮಗಾ" ಎಂದು ತಲೆ ಕೆರೆದುಕೊಂಡರು. ಕೊನೆಗೆ ಅವರಿಗೆ ಹೊಳೆದದ್ದು ಹೂ ಕಟ್ಟುವ ನೂಲು. ಲೆನ್ಸಿನ ಕುತ್ತಿಗೆಗೆ ನೂಲು ಕಟ್ಟಿ, ಒಂದು ಮಾರು ಉದ್ದಕ್ಕೆ ಒಂದು ಗಂಟು ಹಾಕಿದರು. ಅಷ್ಟು ದೂರಕ್ಕೆ ಲೆನ್ಸಿನ ಬಳೆ ಎಲ್ಲಿ ನಿಲ್ಲಬೇಕೋ ಅಲ್ಲಿ ಅಮ್ಮನ ಉಗುರುಬಣ್ಣದ ಗೆರೆ ಎಳೆದರು. ಗಂಟು ಯಾರ ಮೂಗಿಗೆ ಮುಟ್ಟುತ್ತದೋ ಅವರ ಮುಖ ಸ್ಪಷ್ಟ.

ಮುಟ್ಟುತ್ತಿದ್ದುದು ಯಾವಾಗಲೂ ನನ್ನ ಮೂಗಿಗೆ. ಮಂಚದ ಅಂಚಿನಲ್ಲಿ ನಾನು, ನನ್ನ ಹಿಂದೆ ಒಂದು ಕೈ ದೂರದಲ್ಲಿ ಅಜ್ಜಿ. ಸ್ಟೂಲಿನ ಮೇಲೆ ಅಕ್ಕಿಯ ಡಬ್ಬ, ಅದರ ಮೇಲೆ ಕ್ಯಾಮೆರಾ. "ಮುಟ್ಟಿತಾ?" "ಮುಟ್ಟಿತು." "ಉಸಿರು ಹಿಡಿ, ಅಲ್ಲಾಡಬೇಡ." ನೂಲು ಬಿಟ್ಟು, ಬಟನ್ ಒತ್ತಿ, ಮಾವ ಬಾಯಲ್ಲಿ ಎರಡರವರೆಗೆ ಎಣಿಸುತ್ತಿದ್ದರು. ಆ ಮಬ್ಬಿನಲ್ಲಿ ಕ್ಯಾಮೆರಾ ಅಷ್ಟು ಹೊತ್ತು ಕಣ್ಣು ತೆರೆದಿರಬೇಕಿತ್ತು. ಎಷ್ಟು ಪ್ಲಾಸ್ಟರ್ ಅಂಟಿಸಿದ್ದರೂ ನನಗೆ ಧೈರ್ಯವಿರಲಿಲ್ಲ. ಈಗ ಹಾರುತ್ತದೆ, ಈಗ ಬೆಳಕು ಬರುತ್ತದೆ ಎಂದು ಆ ಪ್ಲಾಸ್ಟರನ್ನೇ ನೋಡುತ್ತಿದ್ದೆ. ಅಮ್ಮ ಒಂದು ಫೋಟೋದಲ್ಲೂ ಕ್ಯಾಮೆರಾ ನೋಡಿಲ್ಲ. ಬೀಗದ ಕೈಗೊಂಚಲು ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಜ್ಜಿ ಒಬ್ಬರೇ ನನ್ನ ಬೆನ್ನಿನ ಮೇಲೆ ಬೆಚ್ಚಗೆ ಅಂಗೈ ಇಟ್ಟುಕೊಂಡು ಹಾಯಾಗಿ ನಗುತ್ತಿದ್ದರು. ವಯಸ್ಸಿಗೆ ಅವರ ತಲೆ ಸಣ್ಣಗೆ ಆಡುತ್ತಿತ್ತು. ಗಂಟಿನ ಅಳತೆಗಿಂತ ಹಿಂದೆ ಬೇರೆ ಕೂತವರು. ಪ್ರಿಂಟು ಬಂದಾಗ ನನ್ನ ರೆಪ್ಪೆಗಳನ್ನು ಲೆಕ್ಕ ಮಾಡಬಹುದಿತ್ತು, ಅಜ್ಜಿ ಮಾತ್ರ ಅಳಿಸಿದ ಸ್ಲೇಟು.

ಒಂದು ಬೇಸಿಗೆಗೆ ಮುಂಬೈಯಿಂದ ಚಿಕ್ಕಮ್ಮ ಬಂದರು. ಆಲ್ಬಮ್ ತಿರುಗಿಸಿ ತಿರುಗಿಸಿ ಅವರ ಮುಖ ಕೆಂಪಾಯಿತು. "ಇದೆಂಥದಣ್ಣ, ಅಮ್ಮನ ಒಂದು ಮುಖವಾದರೂ ಸರಿ ಉಂಟಾ? ನಾಳೆ ನಮಗೆ ನೋಡಲಿಕ್ಕೆ ಬೇಡವಾ? ಹುಡುಗಿಯನ್ನು ಒಳಗೆ ಕಳಿಸುವ, ಒಂದು ಸಲ ಫ್ಲ್ಯಾಶ್ ಹಾಕಿ ತೆಗೆದುಬಿಡಿ." ಅವರು ಹೇಳಿದ್ದರಲ್ಲಿ ಏನು ತಪ್ಪು? ಅಮ್ಮ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಕಡೆಯುವ ಕಲ್ಲಿನ ಹತ್ತಿರ ಗೋಡೆಗೆ ಮುಖ ಮಾಡಿ ಕೂರಿಸಿ, ಬಾಗಿಲು ಎಳೆದುಕೊಂಡು ಹೋದರು. ನಾನು ಕಣ್ಣು ಮುಚ್ಚಿದೆ, ಅದರ ಮೇಲೆ ಅಂಗೈ ಮುಚ್ಚಿದೆ. ಬಾಗಿಲ ಸಂದಿಯಿಂದ ಬೆಳಕು ನುಗ್ಗಿದರೆ? ಆ ಹೆದರಿಕೆ ಒಂದು ಕಡೆ. ಇನ್ನು ಮೇಲೆ ಎಲ್ಲ ಫೋಟೋಗಳನ್ನೂ ಹೀಗೇ ತೆಗೆಯುತ್ತಾರೆ, ನಾನಿಲ್ಲದೆ ಎಷ್ಟು ಚಂದ ಬರುತ್ತದೆಂದು ಅವರಿಗೆ ಗೊತ್ತಾಗಿಬಿಡುತ್ತದೆ ಎಂಬುದು ಇನ್ನೊಂದು ಕಡೆ. ಎರಡನೆಯದೇ ದೊಡ್ಡದು. ಚಾವಡಿಯಲ್ಲಿ ಏನೋ ಗುಜುಗುಜು ಮಾತು. 'ಟಕ್' ಎನ್ನುವುದನ್ನು ಕಾದೆ, ಕಾದೆ. ಕೇಳಲಿಲ್ಲ. ಅಮ್ಮ ಬಂದು "ಏಳು, ಮಾವ ಕರೀತಾರೆ" ಎಂದರು. ಹೋದರೆ ಮಾವ ನೂಲು ಬಿಡಿಸುತ್ತಿದ್ದರು. ಚಿಕ್ಕಮ್ಮ ಮುಖ ಊದಿಸಿಕೊಂಡು ಮೂಲೆಯಲ್ಲಿ ನಿಂತಿದ್ದರು. ಫ್ಲ್ಯಾಶ್ ಹಾಳಾಗಿರಬೇಕು ಎಂದುಕೊಂಡೆ, ದೇವರಿಗೆ ಕೈಮುಗಿದೆ.

ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ಹೋದರು. ಪೇಪರಿಗೆ ಕೊಡಲು, ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಮಾವ ಚಾವಡಿಯ ನೆಲದಲ್ಲಿ ಆಲ್ಬಮ್‌ಗಳನ್ನು ಹರಡಿಕೊಂಡು ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪುಟದಿಂದ ಪುಟಕ್ಕೆ ನನ್ನದೇ ಮುಖ, ನನ್ನ ಹಿಂದೆ ಒಂದು ಬಿಳಿ ತಲೆ. ಕೊನೆಗೆ ಒಂದನ್ನು ಸ್ಟುಡಿಯೋದವರಿಗೆ ಕೊಟ್ಟರು. ಅವರು ದೊಡ್ಡದು ಮಾಡಿ, ಕಣ್ಣು ಮೂಗು ತಿದ್ದಿ, ಹುಬ್ಬು ಬರೆದು, ಯಾರದೋ ಅಜ್ಜಿಯನ್ನು ಮಾಡಿ ಕೊಟ್ಟರು. ಬೊಜ್ಜದ ಉತ್ತರಕ್ರಿಯೆಗೆ ಬಂದ ಚಿಕ್ಕಮ್ಮ ಮಾಲೆ ಹಾಕಿದ ಆ ಪಟವನ್ನು ನೋಡಿ, ನನ್ನನ್ನು ನೋಡಿ ಅತ್ತರು. ಬೈದಿದ್ದರೆ ಚೆನ್ನಾಗಿತ್ತು. ಹದಿನಾಲ್ಕಕ್ಕೆ ನನ್ನ ಮಾತ್ರೆ ನಿಂತಿತು, ಮತ್ತೆ ಫಿಟ್ಸ್ ಬರಲಿಲ್ಲ. ರಸ್ತೆ ಅಗಲವಾದಾಗ ಅಂಗಡಿಗಳ ಜೊತೆ ಚಾವಡಿಯೂ ಹೋಯಿತು. ಈಗ ಅಲ್ಲಿ ಬಸ್ಸುಗಳು ಓಡುತ್ತವೆ. ಅಜ್ಜಿಯ ಮುಖವನ್ನು ನೆನಪಿನಲ್ಲಿ ಎಷ್ಟು ತಡಕಿದರೂ ನನಗೆ ಸಿಗುವುದು ಆ ತಿದ್ದಿದ ಹುಬ್ಬು. ಇದಕ್ಕೆಲ್ಲ ಕಾರಣ ನಾನು ಎಂಬುದನ್ನು ನುಂಗಿಕೊಂಡೇ ದೊಡ್ಡವಳಾದೆ.

ನಾಮಕರಣದಿಂದ ಬರುವಾಗ ತೋಡಾರಿನಲ್ಲಿ ಇಳಿದೆ. ಮಾವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಅಮ್ಮನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಚಹಾ ಕುಡಿಯುತ್ತಾ, ಇಷ್ಟು ವರ್ಷ ಕೇಳಲು ಹೆದರಿದ್ದನ್ನು ಕೇಳಿಯೇಬಿಟ್ಟೆ. "ಆ ದಿನ ನಾನು ಅಡುಗೆಮನೆಯಲ್ಲಿದ್ದೆನಲ್ಲ ಮಾವ, ಒಂದು ಫೋಟೋ ತೆಗೆದುಬಿಡಬಹುದಿತ್ತು. ಫ್ಲ್ಯಾಶ್ ಹಾಳಾಗಿತ್ತಾ?"

"ಹಾಳಾದ್ದೆಂಥದು? ಪ್ಲಾಸ್ಟರ್ ಕಿತ್ತು ಬಟನ್ನಿನ ಮೇಲೆ ಬೆರಳಿಟ್ಟಿದ್ದೆ" ಎಂದರು ಮಾವ. "ನಿನ್ನ ಅಜ್ಜಿ ಸೆರಗು ಎಳೆದು ಮುಖಕ್ಕೆ ಮುಚ್ಚಿಕೊಂಡರು. 'ಆ ಮಗು ಒಳಗೆ ಕಣ್ಣು ಮುಚ್ಚಿ ಕೂತಿರುವಾಗ ನಾನು ಇಲ್ಲಿ ಹಲ್ಲು ಕಿಸಿಯುವುದಾ, ನನ್ನ ಮುಖ ಬಾರದಿದ್ದರೂ ಅಡ್ಡಿಲ್ಲ, ಅವಳನ್ನು ಕರಿ' ಅಂದರು."

ಅದನ್ನು ಕಿವಿಯಾರೆ ಕೇಳಿದವರಲ್ಲಿ ಉಳಿದಿರುವುದು ಮಾವ ಒಬ್ಬರೇ. ಇನ್ನೊಂದು ಸಲ ಹೇಳಿ ಮಾವ, ಅಜ್ಜಿ ಹೇಳಿದ ಹಾಗೆಯೇ ಹೇಳಿ ಎಂದೆ.